ಸಾವ್ಕಾರ ನುಂಗಿದ ಎಳೆ

ಗಜೇಂದ್ರಗಡ
ಗುರುವಾರ, ೬ ಫೆಬ್ರುವರಿ ೧೯೫೮

ನನ್ನ ಪ್ರೀತಿಯ ನಿಮಗೆ,

ಅನೇಕ ನಮಸ್ಕಾರಗಳು. ನಿಮ್ಮ ಎರಡೂ ಪತ್ರಗಳು ಬಂದು ಮುಟ್ಟಿವೆ, ಒಂದಕ್ಕೂ ಉತ್ತರ ಹೋಗಿಲ್ಲ. ಕ್ಷಮಿಸಿ. ಕ್ಷಮಿಸುವುದಿಲ್ಲ ಎಂದಾದರೆ ಸೊಲ್ಲಾಪುರದ ವ್ಯಾಪಾರ ಅಲ್ಲಿಗೇ ಬಿಟ್ಟು ಬಂದು ಬೈಯಿರಿ, ನಾನು ಬಾಗಿಲಲ್ಲೇ ನಿಂತಿರುತ್ತೇನೆ! ಎರಡನೆಯ ಪತ್ರವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ಓದುವಾಗ ಅತ್ತೆ ಕಂಡು, "ಅಷ್ಟ ಉದ್ದ ಬರದಾನೇನ ಅಂವ, ಇನ್ನ ಮುಗೀವಲ್ದು?" ಎಂದು ಕೇಳಿದರು. ನಾಚಿಕೆಯಿಂದ ಮಡಚಿಟ್ಟೆ.

ಮೇಲೆ ಹೆಸರು ಬರೆದಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವವರು ಎದುರಿಗೇ ಮಗ್ಗದಲ್ಲಿ ಕೂತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ ನಿಜ, ಆದರೆ ನಾನು ಏನು ಬರೆಯುತ್ತಿದ್ದೇನೆ ಎಂಬುದನ್ನು ನನ್ನ ಮುಖದಲ್ಲಿ ಓದಿಬಿಡುತ್ತಾರೆ. ಲಕೋಟೆಯ ಮೇಲಾದರೆ ಬರೆಯಲೇಬೇಕಲ್ಲ, ಅದಕ್ಕೆ "ಟಪಾಲಿನ್ಯಾಗ ದೋಷಿಲ್ಲ" ಎಂದು ಪರವಾನಗಿ ಸಿಕ್ಕಿದೆ. ಅಲ್ಲಿ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತೇನೆ, ನೋಡಿ.

ಇಲ್ಲಿ ಅತ್ತೆ ಕ್ಷೇಮ, ನಾನು ಕ್ಷೇಮ. ಮನೆಯ ಮೂರನೆಯವರ ಕ್ಷೇಮ ಮಾತ್ರ ಈಗಲೇ ಹೇಳುವುದಿಲ್ಲ. ನೀವು ಕೊನೆಯ ಹಾಳೆಗೆ ಹಾರಿ ನೋಡುವವರು, ನನಗೆ ಗೊತ್ತು. ಹಾರಬೇಡಿ. ಉತ್ತರ ತಡವಾಗಲು ಅವನೇ ಕಾರಣ, ಅವನ ಕಥೆಯನ್ನು ಕ್ರಮವಾಗಿಯೇ ಓದಬೇಕು.

ಸಾವ್ಕಾರ ಎಂದು ಬೆಕ್ಕಿಗೆ ನೀವಿಟ್ಟ ಹೆಸರು ಕೇಳಿ ಮದುವೆಯಾದ ಹೊಸದರಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಗಂಜಿ ಹಾಕಿ ಒಣಗಿಸಿದ ನೂಲಿನ ಕಟ್ಟುಗಳ ಮೇಲೆ ಹೊಟ್ಟೆ ಬಿಟ್ಟುಕೊಂಡು ಕೂತು, ಬಂದವರನ್ನೆಲ್ಲ ಅರೆಗಣ್ಣಿನಲ್ಲಿ ಅಳೆಯುವುದನ್ನು ಕಂಡ ಮೇಲೆ ಬೇರೆ ಹೆಸರು ಸಾಧ್ಯವೇ ಇಲ್ಲ ಎನ್ನಿಸಿತು. ನಮ್ಮ ಹುಬ್ಬಳ್ಳಿಯ ಮನೆಯಲ್ಲಿ ಬೆಕ್ಕೆಂದರೆ ಮುದ್ದು ಮಾಡಲಿಕ್ಕೆ. ಇಲ್ಲಿ ಅವನು ದುಡಿಯುವ ಆಳು. ಗಂಜಿಯ ವಾಸನೆಗೆ ಬರುವ ಇಲಿಗಳು ಒಂದೇ ರಾತ್ರಿಯಲ್ಲಿ ಒಂದು ಸೀರೆಯ ಹಾಸುನೂಲನ್ನೆಲ್ಲ ಕಡಿದು ಹಾಕಬಲ್ಲವು ಎಂದು ಅತ್ತೆ ಹೇಳಿದಾಗಲೇ ಅವನ ಗತ್ತಿನ ಅರ್ಥವಾದದ್ದು.

ಹೋದ ವಾರ ಬುಧವಾರ ಬೆಳಿಗ್ಗೆ ಈ ಸಾವ್ಕಾರ ಹಾಲಿಗೆ ಬರಲಿಲ್ಲ. ಮಗ್ಗದ ಕೆಳಗೆ ಬೆನ್ನು ಗೂನು ಮಾಡಿಕೊಂಡು ಕೂತಿದ್ದ. ಎರಡು ಸಲ ಬಿಳಿ ನೊರೆ ಕಾರಿದ. ಹುಲ್ಲು ತಿಂದಿರಬೇಕು, ಸರಿಹೋಗುತ್ತಾನೆ ಎಂದುಕೊಂಡೆವು. ಮಧ್ಯಾಹ್ನ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಪಕ್ಕದ ಮನೆಯ ರಸೂಲಬಿ ಬಂದರು. ಅವರ ಕಣ್ಣು ಸೂಕ್ಷ್ಮ. ಕೂತವರೇ ಅತ್ತೆಗೆ, "ಚೌಡಕ್ಕಾ, ನಿಮ್ಮ ಸಾವ್ಕಾರನ ಬಾಯಾಗ ಕೆಂಪ ಎಳಿ ಕಾಣಾಕತ್ತೈತಿ ನೋಡ" ಎಂದರು.

ಹೌದು, ಬಾಯಿಯ ಮೂಲೆಯಿಂದ ಬೆರಳುದ್ದ ಕೆಂಪು ಎಳೆ ಇಣುಕುತ್ತಿತ್ತು. ಆ ವಾರ ಮಗ್ಗದ ಮೇಲೆ ಕೆಂಪು ಸೆರಗು ಶುರುವಾಗಿತ್ತು, ನಿಮಗೆ ಗೊತ್ತೇ ಇದೆ, ನೀವು ಹೋಗುವ ದಿನವೇ ರೇಷ್ಮೆ ಏರಿಸಿದ್ದು.

ಅತ್ತೆ ಮಗ್ಗದ ಕುಣಿಯಿಂದ ಎದ್ದು ಬಂದು ಅವನನ್ನು ತೊಡೆಯ ಮೇಲೆ ಹಾಕಿಕೊಂಡರು. ಬೆರಳು ನೀರಿಗೆ ಅದ್ದಿ, ಸಿಕ್ಕಾದ ಕಟ್ಟಿನಿಂದ ಎಳೆ ಬಿಡಿಸುವಾಗ ಮಾಡುತ್ತಾರಲ್ಲ, ಹಾಗೆಯೇ ಅಷ್ಟಷ್ಟೇ ಎಳೆಯತೊಡಗಿದರು. "ತುದಿ ಸಿಕ್ಕರ ಸಾಕು, ಬಾಕಿದ್ದು ತಾನ ಬರತೈತಿ" ಎಂದರು. ಮಗ್ಗದ ಮನೆಯವರು ಇನ್ನೇನು ಮಾಡುತ್ತಾರೆ ಹೇಳಿ? ಎಳೆ ಕಂಡರೆ ತುದಿ ಹಿಡಿಯುವುದು, ಹಿಡಿದದ್ದನ್ನು ಎಳೆಯುವುದು. ಒಂದು ಗೇಣು ಬಂತು. ಆಮೇಲೆ ಬಿಗಿಯಿತು. ಸಾವ್ಕಾರ ಮಗು ಅತ್ತಂತೆ ಕೂಗಿದ.

ಅತ್ತೆ ನಿಲ್ಲಿಸಿ, ಬಂದ ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಇನ್ನೊಂದು ಸಲ ತಿಕ್ಕಿದರು. ನನ್ನ ಕಡೆ ನೋಡಿದರು. ಅಷ್ಟರಲ್ಲಿ ಕೂಗು ಕೇಳಿ ನಿಮ್ಮ ದೊಡ್ಡವ್ವ ಸುಶೀಲವ್ವ ಆಚೆ ಮನೆಯಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದರು.

"ಏನಾಗೈತಿ?"

"ನಮ್ಮ ಮಗ್ಗದ ರೇಶ್ಮಿ ನುಂಗೈತ್ರಿ ಅಕ್ಕಾ" ಎಂದರು ಅತ್ತೆ. "ಸೆರಗಿನ ಎಳಿ ನಾನಽ ನೆಲಕ್ಕ ಬಿಟ್ಟಿದ್ದೆ."

"ನೀನು? ನಲವತ್ತ ವರ್ಷ ನೇಯ್ದಾಕಿ ರೇಶ್ಮಿ ನೆಲಕ್ಕ ಬಿಟ್ಟಿ? ನಿನ್ನೆ ಮಗ್ಗಕ್ಕ ಕುಂತ ಹುಡಿಗ್ಯಾರೂ ಬಿಡಂಗಿಲ್ಲಲ್ಲ ಚೌಡವ್ವ!" ಎಂದು ದೊಡ್ಡವ್ವ ಗಲ್ಲಕ್ಕೆ ಕೈ ಇಟ್ಟುಕೊಂಡರು. ಆಮೇಲೆ ಕಣ್ಣು ನನ್ನ ಕಡೆ ಹೊರಳಿತು. "ಹೊಸಾ ಸೊಸಿ ಬಂದು ಇನ್ನ ಮೂರ ತಿಂಗಳಾಗಿಲ್ಲ. ಮೊದಲ ಹಾಲಿನ ಗಡಿಗಿ ಒಡೀತು, ಈಗ ಬೆಕ್ಕು. ಬೆಕ್ಕ ಸತ್ತ ಮನಿಗೆ ಬಂಗಾರದ ಬೆಕ್ಕ ದಾನಾ ಕೊಟ್ಟರೂ ದೋಷ ಹೋಗಂಗಿಲ್ಲಂತ. ಕಾಲ್ಗುಣ ಅಂತಾರಲ್ಲ, ಸುಮ್ಮನ ಅಲ್ಲ ಬಿಡು."

ಹಾಲಿನ ಗಡಿಗೆ ಒಡೆದದ್ದು ನಾನು, ಒಪ್ಪಿದೆ. ಗಡಿಗೆಗೂ ಬೆಕ್ಕಿಗೂ ಏನು ಸಂಬಂಧ? ನನ್ನ ಕಾಲುಗಳನ್ನೇ ನೋಡುತ್ತ ನಿಂತೆ. ಈ ಬೆಕ್ಕು ಸತ್ತರೆ ಈ ಓಣಿಯಲ್ಲಿ ನಾನು ಬದುಕಿರುವವರೆಗೂ ಅದೇ ಹೆಸರು ಎನ್ನುವುದು ಮಾತ್ರ ಸ್ಪಷ್ಟವಾಗಿ ತಿಳಿಯಿತು.

ದೊಡ್ಡವ್ವ ಹೋದ ಮೇಲೆ ಅತ್ತೆ ಮತ್ತೆ ತುದಿ ಹಿಡಿದರು. ನಾನು, "ಕತ್ತರಿಸಿಬಿಡೂಣೇನ್ರಿ ಅತ್ತಿ?" ಎಂದೆ.

"ಎಳಿ ಕಡಿಯೂದಾ?" ಅವರು ನನ್ನನ್ನು ನೋಡಿದ ರೀತಿ! "ಈ ಮನ್ಯಾಗ ಹರದ ಎಳಿಗೆ ಗಂಟ ಹಾಕತಾರ. ಕೂಡಿದ್ದನ್ನ ಕಡಿಯಂಗಿಲ್ಲ." ಮತ್ತೆ ಎಳೆದರು. ಸಾವ್ಕಾರನ ಇಡೀ ಮೈ ಎಳೆಯ ಹಿಂದೆ ಬಿಲ್ಲಿನಂತೆ ಬಾಗಿತು. ನನಗೆ ಏನಾಯಿತೋ ಗೊತ್ತಿಲ್ಲ, ಹೋಗಿ ಅವರ ಮಣಿಕಟ್ಟನ್ನು ಹಿಡಿದುಬಿಟ್ಟೆ. ಅತ್ತೆಯ ಕೈ ಹಿಡಿಯುವುದು! ಹಿಡಿದ ಮೇಲೆ ಬಿಡುವುದು ಹೇಗೆಂದು ತಿಳಿಯಲಿಲ್ಲ. "ಬ್ಯಾಡ್ರಿ ಅತ್ತಿ. ದವಾಖಾನಿಗೆ ಒಯ್ಯೂಣು" ಎಂದೆ.

ರಸೂಲಬಿ ಕಂಡಿಕೆ ಬಿಟ್ಟು ನಕ್ಕರು. "ಮಂದಿಗೆ ಜರ ಬಂದ್ರ ದವಾಖಾನಿ ಇಲ್ಲ, ಕಷಾಯ ಕುಡಿದು ಮಲಗತಾರ. ಸಾವ್ಕಾರಗ ದವಾಖಾನಿ!" ಆದರೆ ನಕ್ಕು ಮುಗಿಸಿ ಅವರೇ ಹೇಳಿದರು, ರೋಣದಲ್ಲಿ ದನದ ದವಾಖಾನಿ ಇದೆ, ಅಲ್ಲಿಯ ಡಾಕ್ಟರು ತಮ್ಮ ಅಣ್ಣನ ಎತ್ತಿನ ಕಣ್ಣು ಉಳಿಸಿದ್ದಾರೆ ಎಂದು.

ಸಂಜೆ ಅತ್ತೆ ಚಾಪೆ ಎತ್ತಿ ಕೊಡವಿದರು. ಅಡಿಗೆಮನೆಯಿಂದ ಪಡಸಾಲೆಯವರೆಗೆ ನೆಲವನ್ನು ಎರಡು ಸಲ ಗುಡಿಸಿದರು. ಏನು ಹುಡುಕುತ್ತೀರಿ ಎಂದರೆ ಏನಿಲ್ಲ ಎಂದರು. ಆಮೇಲೆ ಸೊಂಟದ ಎಲೆಯಡಿಕೆಯ ಚಂಚಿ ಬಿಚ್ಚಿ ಎಲೆ ಹಾಕಿಕೊಂಡು, "ನಾಳಿ ಮೊದಲನೇ ಬಸ್ಸಿಗೆ ಹೋಗೂಣು" ಎಂದರು. ಸೆರಗು ಅರ್ಧಕ್ಕಿರುವಾಗ ಅವರು ಮಗ್ಗ ನಿಲ್ಲಿಸಿದ್ದು ಇದು ಮೂರನೆಯ ಸಲವಂತೆ. ನೀವು ಹುಟ್ಟಿದಾಗ ಒಂದು ಸಲ, ಮಾವನವರು ತೀರಿಕೊಂಡಾಗ ಒಂದು ಸಲ. ಸಾವ್ಕಾರ ಎಂಥ ಸಾಲಿನಲ್ಲಿ ಸೇರಿದ, ನೋಡಿ!

ಕಂಡಿಕೆಯ ಬುಟ್ಟಿಯಲ್ಲಿ ಹಳೆ ಸೀರೆ ಹಾಸಿ ಅವನನ್ನು ಮಲಗಿಸಿ, ಮೇಲೊಂದು ಬಟ್ಟೆ ಕಟ್ಟಿದೆವು. ಬಸ್ಸಿನಲ್ಲಿ ಬುಟ್ಟಿಯೊಳಗಿಂದ ಸಣ್ಣಗೆ ಕೂಗಿದನೋ ಇಲ್ಲವೋ, ಮುಂದಿನ ಸೀಟಿನ ರುಮಾಲಿನವರು ತಿರುಗಿದರು. "ಬೆಕ್ಕು ಅಡ್ಡ ಬಂದ್ರ ನಾವು ಮನಿಗೆ ಹೊಳ್ಳಿ ಹೋಗತೇವಿ. ಇಲ್ಲಿ ನೋಡಿದ್ರ ತಿಕೀಟ ತಗೊಂಡ ಕುಂತೈತಿ!"

"ಅಡ್ಡ ಬಂದಿಲ್ಲೋ ಯಪ್ಪಾ, ಕೂಡ ಹೊಂಟೈತಿ" ಎಂದರು ಅತ್ತೆ. "ಕೂಡ ಹೊಂಟದ್ದಕ್ಕ ಅಪಶಕುನಿಲ್ಲ."

ಇಡೀ ಬಸ್ಸು ನಕ್ಕಿತು. ಮನೆಯಲ್ಲಿ ಒಂದು ದಿನಕ್ಕೆ ಹತ್ತು ಮಾತಾಡದ ನಿಮ್ಮ ತಾಯಿ ಹೊರಗೆ ಬಂದರೆ ಹೀಗೆ ಮಾತಾಡುತ್ತಾರೆಂದು ನೀವು ಯಾಕೆ ಹೇಳಿರಲಿಲ್ಲ? ನಾನು ಅವರ ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡಿದೆ. ಎರಡೂ ಕಡೆ ಹತ್ತಿ ಬಿಡಿಸುತ್ತಿದ್ದರು, ಕಡಲೆ ಹಳದಿಯಾಗಿತ್ತು. ಬುಟ್ಟಿಯೊಳಗೆ ಕೈ ಇಟ್ಟರೆ ಅವನ ಮೂಗು ಬಿಸಿ, ಉಸಿರು ಬೇಗ ಬೇಗ.

ರೋಣದ ದನದ ದವಾಖಾನೆಯ ಅಂಗಳದಲ್ಲಿ ಎತ್ತುಗಳನ್ನು ನಿಲ್ಲಿಸುವ ದೊಡ್ಡ ಕಟ್ಟಿಗೆಯ ಕಟಾಂಜನವಿದೆ. ಅದರಲ್ಲಿ ನಮ್ಮ ಸಾವ್ಕಾರನಂಥ ನೂರು ಸಾವ್ಕಾರರು ಹಿಡಿಯುತ್ತಾರೆ. ಕಂಪೌಂಡರ್ ಕಳಕಪ್ಪ ಎನ್ನುವವರು ಹೊರಗೆ ಬಂದರು. ನಾನು ಹೊಸದಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ, ಧೈರ್ಯ ಬರಲೆಂದು ಇಂಗ್ಲಿಷಿನಲ್ಲಿಯೇ ಶುರು ಮಾಡಿದೆ. ತುರ್ತಾಗಿ ಡಾಕ್ಟರನ್ನು ಕಾಣಬೇಕು, ರೋಗಿಯ ಸ್ಥಿತಿ ಗಂಭೀರವಾಗಿದೆ ಎಂದೆ. ಅವರು ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. "ಅವ್ವಾರ, ಈ ರೋಗಿಗೆ ಇಂಗ್ರೇಜಿ ತಿಳಿತದೇನ್ರಿ? ನನಗಂತೂ ತಿಳಿಯೂದಿಲ್ಲ" ಎಂದರು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕದ್ದನ್ನು ನಾನು ನೋಡಿದೆ.

ನಗುವ ಹೊತ್ತಲ್ಲ ಅದು. ಡಾಕ್ಟರು ಇರಲಿಲ್ಲ. ಎರಡು ದಿನ ನರಗುಂದದ ಕಡೆ ಇದ್ದು, ಅಲ್ಲಿಂದ ನೆಟ್ಟಗೆ ಹೊಳೆಮಣ್ಣೂರಿಗೆ ಹೋಗಿದ್ದರು. ದನಗಳ ದೊಡ್ಡರೋಗಕ್ಕೆ ಊರೂರಿಗೆ ಚುಚ್ಚುಮದ್ದು ಹಾಕುತ್ತಿದ್ದಾರೆ. "ನಾಡದ ಬರತಾರ್ರಿ" ಎಂದರು ಕಳಕಪ್ಪ. ನಾಡಿದ್ದು! ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇಸ್ತ್ರಿ ಸೀರೆಯೆಲ್ಲ ಮುದ್ದೆಯಾಯಿತು.

ಅತ್ತೆ ಅಳಲಿಲ್ಲ. ಅಂಗಳದ ಆಚೆ ಬದಿಗೆ ಒಂದು ಸರಕಾರಿ ಜೀಪು ನಿಂತಿತ್ತು, ಅದರೊಳಗೆ ಬರ್ಫದ ಪೆಟ್ಟಿಗೆ ಏರಿಸುತ್ತಿದ್ದರು. ಆ ಚುಚ್ಚುಮದ್ದು ತಂಪಿನಲ್ಲೇ ಇರಬೇಕಂತೆ, ಹೊಳೆಮಣ್ಣೂರಿಗೇ ಹೊರಟಿತ್ತು. ಅತ್ತೆ ಬುಟ್ಟಿ ಎತ್ತಿಕೊಂಡು ಹೋಗಿ ಜೀಪಿನ ಹಿಂದೆ ಹತ್ತಿ ಕೂತರು. ಕೇಳಲಿಲ್ಲ, ಕೂತರು! ಡ್ರೈವರ್ ಅಮೋಘಸಿದ್ದ ಓಡಿ ಬಂದ.

"ಏ ಯಮ್ಮಾ, ಇಳೀರಿ. ಇದು ಸರಕಾರಿ ಗಾಡಿ, ಹೆಣ್ಮಕ್ಕಳನ್ನ ಕುಂದರಸಂಗಿಲ್ಲ."

"ನಾವು ಹೆಣ್ಮಕ್ಕಳಲ್ಲಪಾ, ರೋಗಿ ಕಡೀಯವರು. ಈ ಗಾಡಿ ದನದ ದವಾಖಾನೀದಲ್ಲೇನು?"

"ಬೆಕ್ಕು ದನ ಅಲ್ರೀ."

"ಹಂಗಾರ ಸರಕಾರದಾಗ ಬೆಕ್ಕಿಗೆ ಬ್ಯಾರೆ ದವಾಖಾನಿ ಎಲ್ಲೈತಿ ತೋರಸು, ಇಳಿದು ಅಲ್ಲಿಗೇ ಹೋಗತೀನಿ."

ಅಮೋಘಸಿದ್ದ ಕಳಕಪ್ಪನನ್ನು ನೋಡಿದ, ಕಳಕಪ್ಪ ಆಕಾಶ ನೋಡಿದರು. ನಾನು ಮೂಗು ಒರೆಸಿಕೊಂಡು ಓಡಿಹೋಗಿ ಹತ್ತಿದೆ.

ಹೊಳೆಮಣ್ಣೂರು ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಹೊಳೆ ಈಗ ಸಣ್ಣದು. ಆದರೆ ಮನೆಗಳ ಗೋಡೆಯ ಮೇಲೆ ಅದು ಏರಿದ ಗೆರೆ ನನ್ನ ಎದೆಯ ಎತ್ತರಕ್ಕಿದೆ. ಬೇವಿನ ಮರದ ಕೆಳಗೆ ದನಗಳ ಸಾಲು. ಡಾಕ್ಟರ್ ನಿಜಾಮುದ್ದೀನ ಸಾಹೇಬರು ತೋಳು ಮೇಲಕ್ಕೆ ಮಡಚಿ ನಿಂತಿದ್ದರು. ಎತ್ತರದ ಮನುಷ್ಯ, ಕೈಗಳು ಒಕ್ಕಲಿಗರ ಕೈಗಳಿಗಿಂತ ದೊಡ್ಡವು. ಬುಟ್ಟಿಯಲ್ಲಿ ಏನಿದೆ ಎಂದು ತಿಳಿದದ್ದೇ ಸಾಲಿನಲ್ಲಿದ್ದ ಒಬ್ಬರು, "ಎತ್ತ ನಿಂತಾವ, ಬೆಕ್ಕಿಗೆ ಪಾಳಿ ಬಂತು! ನಾಳಿ ಕೋಳಿ ತಗೊಂಡ ಬರತೇವಿ ತಗೋರಿ ಸಾಹೇಬ್ರ" ಎಂದರು. ಪಾಳಿಯಲ್ಲಿ ಮುಂದಿದ್ದವರು ಮಾಯವ್ವ ಎನ್ನುವ ಮುದುಕಿ. ಅವರು ತಮ್ಮ ಎಮ್ಮೆಯನ್ನು ಪಕ್ಕಕ್ಕೆ ಎಳೆದುಕೊಂಡು, "ನನ್ನ ಎಮ್ಮಿಗೆ ಏನ ಅವಸರ, ಮೆಲಕ ಹಾಕ್ಕೋತ ನಿಂತೈತಿ. ಅದರ ಜೀವಾ ಹೊಂಟೈತಿ, ಮೊದಲ ಅದನ್ನ ನೋಡ್ರಿ" ಎಂದರು. ಅವರ ಎಮ್ಮೆಗೆ ಒಳ್ಳೆಯದಾಗಲಿ.

ಡಾಕ್ಟರು ಬೆಕ್ಕಿನ ಬಾಯಿ ತೆರೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಎಳೆದವರು ಯಾರ್ರಿ ಇದನ್ನ?"

"ನಾನಽ" ಎಂದರು ಅತ್ತೆ.

"ಇನ್ನೊಂದ ಸಲ ಎಳೆದಿದ್ರ ಮುಗೀತಿತ್ತು. ಎಳಿ ನಾಲಿಗಿ ಬುಡಕ್ಕ ಸಿಕ್ಕೊಂಡದ. ಇನ್ನೊಂದ ತುದಿ ಕರಳಿನ್ಯಾಗ. ನೀವು ಎಳದ್ರ ಅದು ಕರಳನ್ನ ಗರಗಸದಂಗ ಕೊಯ್ಯತದ." ಜೋರು ಮಾಡಿ ಹೇಳಲಿಲ್ಲ, ಆದರೆ ಅತ್ತೆಯ ಮುಖ ಬಿಳುಪೇರಿತು. ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

ಆಮೇಲೆ ಡಾಕ್ಟರು ಕೇಳಿದರು. "ಖರೇ ಹೇಳ್ರಿ. ಎಳಿಗೆ ಸೂಜಿ ಇತ್ತೇನು? ಸೂಜಿ ಇದ್ರ ನಾ ಕತ್ತರಿಸಿ ಎಣ್ಣಿ ಕುಡಸಂಗಿಲ್ಲ. ಸೂಜಿ ಕೆಳಗ ಜಾರಿದ್ರ ಕರಳಿಗೆ ಚುಚ್ಚತದ. ಧಾರವಾಡಕ್ಕ ಒಯ್ಯಬೇಕಾಗತದ."

"ಮಗ್ಗದ ಎಳಿಗೆ ಸೂಜಿ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ಇಲ್ರಿ. ಸೂಜಿ ಇಲ್ಲ."

"ಏನ ತಂಗಿ?" ಎಂದು ನನ್ನ ಕಡೆ ತಿರುಗಿದರು. ನಾನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಮೊದಲು ಅವರು ಕತ್ತರಿ ತೆಗೆದುಕೊಂಡು ತಾವೇ ಪ್ರಯತ್ನಿಸಿದರು. ಎಮ್ಮೆಯ ಹೊಟ್ಟೆಯಿಂದ ಕರು ಎಳೆದು ರೂಢಿಯಾದ ಕೈ, ಬೆಕ್ಕಿನ ನಾಲಿಗೆಯ ಕೆಳಗಿನ ಒಂದು ಎಳೆ ಹಿಡಿಯಲು ಆಗಲಿಲ್ಲ. ಆಗ ಅತ್ತೆ, "ನಾ ಎತ್ತಿ ಕೊಡತೀನ್ರಿ" ಎಂದರು. ನಾನು ಸಾವ್ಕಾರನ ತಲೆ ಹಿಡಿದುಕೊಂಡೆ, ನನ್ನ ಕೈ ಪೂರ್ತಿ ಪರಚಿದ, ಇನ್ನೂ ಗೀರುಗಳಿವೆ. ಅತ್ತೆ ಎರಡು ಬೆರಳು ಒಳಗೆ ಹಾಕಿ, ನಾವು ಯಾರೂ ಕಾಣದ ಎಳೆಯನ್ನು ಮುಟ್ಟಿ ಹುಡುಕಿ, ಕೂದಲೆಳೆಯಷ್ಟು ಮೇಲೆತ್ತಿದರು. "ಕಡೀರಿ" ಎಂದರು. ಕತ್ತರಿ ಸದ್ದಾಗುವಾಗ ಕಣ್ಣು ಮುಚ್ಚಿದ್ದರು, ಬೆರಳು ಮಾತ್ರ ಅಲ್ಲಾಡಲಿಲ್ಲ.

"ಎಷ್ಟ ವರ್ಷದಿಂದ ನೇಯ್ತೀರಿ?" ಎಂದು ಡಾಕ್ಟರು ಕೇಳಿದರು. "ಇಂಥಾ ಬೆರಳು ನನಗಿದ್ದಿದ್ರ ಪುಣೇದಾಗ ಇರತಿದ್ದೆ, ಇಲ್ಲಿರತಿದ್ದಿಲ್ಲ." ಎಣ್ಣೆಯಂಥ ಔಷಧ ಕುಡಿಸಿ, ಒಂದು ಬಾಟಲಿಯಲ್ಲೂ ಹಾಕಿಕೊಟ್ಟರು. ಇನ್ನು ನಾವು ಮಾಡುವುದೇನಿಲ್ಲ, ಉಳಿದ ಎಳೆ ಮೂರು ದಿನದಲ್ಲಿ ತಾನೇ ಹೊರಗೆ ಬರಬೇಕು, ಬಂದರೆ ಉಳಿದ, ಇಲ್ಲದಿದ್ದರೆ ಇಲ್ಲ, ಏನು ಕಂಡರೂ ಎಳೆಯಬೇಡಿ ಎಂದರು. ಜೀಪು ಸಂಜೆಯ ಬಸ್ಸಿಗೆ ನಮ್ಮನ್ನು ರೋಣದಲ್ಲಿ ಬಿಟ್ಟಿತು. ಅಮೋಘಸಿದ್ದ ಬುಟ್ಟಿಯನ್ನು ತಾನೇ ಇಳಿಸಿಕೊಟ್ಟ.

ಆ ಮೂರು ದಿನ ಹೇಗೆ ಕಳೆದವೆಂದು ನಾನು ಬರೆಯಲಾರೆ. ನಾನು ಉಣ್ಣಲಿಲ್ಲ ಎಂದು ಅತ್ತೆ ಬೈದರು. ಅವರೂ ಉಣ್ಣಲಿಲ್ಲ ಎಂದು ರಸೂಲಬಿ ಇಬ್ಬರನ್ನೂ ಬೈದರು. ದೊಡ್ಡವ್ವ ದಿನಕ್ಕೆರಡು ಸಲ ಬಂದು, "ಇನ್ನ ಐತೇನು?" ಎಂದು ಕೇಳಿ ಹೋಗುತ್ತಿದ್ದರು. ಓಣಿಯ ಮಗ್ಗಗಳಲ್ಲೆಲ್ಲ ಚೌಡವ್ವ ರೇಷ್ಮೆ ನೆಲಕ್ಕೆ ಬಿಟ್ಟ ಸುದ್ದಿಯೇ. ಒಬ್ಬರು ನೀರಿಗೆ ಬಂದಾಗ, "ವಯಸ್ಸಾತು, ಕಣ್ಣ ಕಾಣಂಗಿಲ್ಲ ಪಾಪ" ಎಂದು ಅವರ ಮುಂದೆಯೇ ಅಂದರು. ಅತ್ತೆ ಲಾಳಿ ಒಗೆಯುತ್ತಲೇ ಇದ್ದರು.

ಶನಿವಾರ ಮಧ್ಯಾಹ್ನ, ಹಿತ್ತಲಿನ ಬೂದಿಯ ಗುಂಡಿಯ ಹತ್ತಿರ, ಸಾವ್ಕಾರ ಎಳೆಯಿಂದ ಬಿಡುಗಡೆಯಾದ! ಇಂಥ ವಿಷಯವನ್ನು ಗಂಡನಿಗೆ ಇಷ್ಟು ಸಂತೋಷದಿಂದ ಬರೆಯುವ ಹೆಂಡತಿ ಬೇರೆ ಯಾರೂ ಇರಲಾರಳು. ಅತ್ತೆ ಅದನ್ನು ಕಡ್ಡಿಯಿಂದ ಎತ್ತಿ, ನೀರು ಸುರಿದು, ಯಾರಿಗೂ ತೋರಿಸದೆ ಒಲೆಗೆ ಹಾಕಿಬಿಟ್ಟರು. ಸಂಜೆ ಅವನು ಎರಡು ಚಮಚ ಹಾಲು ಕುಡಿದ. ಸೋಮವಾರ ನೂಲಿನ ಕಟ್ಟಿನ ಮೇಲೆ ಏರಿ ಕೂತ. ನಿನ್ನೆ ಒಂದು ಇಲಿಯನ್ನು ತಂದು ದೊಡ್ಡವ್ವನ ಹೊಸ್ತಿಲ ಮೇಲೆ ಇಟ್ಟು ಬಂದಿದ್ದಾನೆ. ನಾನು ಹೇಳಿಕೊಟ್ಟದ್ದಲ್ಲ, ಆಣೆ!

ಈಗ ಅತ್ತೆ ಪಕ್ಕಕ್ಕೆ ಬಂದು ಕೂತಿದ್ದಾರೆ. ತಾವು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕಂತೆ. ಬರೆಯುತ್ತೇನೆ:

"ಮಗನ, ನಿನಗ ಆಶೀರ್ವಾದ. ಬೆಕ್ಕು ಮಗ್ಗದ ರೇಶ್ಮಿ ನುಂಗಿತ್ತು. ನಾನಽ ನೆಲಕ್ಕ ಬಿಟ್ಟಿದ್ದೆ, ಯಾರ ತಪ್ಪೂ ಇಲ್ಲ. ಯಾರರೆ ಬಂದು ಬ್ಯಾರೆ ಹೇಳಿದ್ರ ಕೇಳಬ್ಯಾಡ. ನಿನ್ನ ಹೇಣ್ತಿ ಗಟ್ಟಿ ಅದಾಳ, ನನ್ನ ಕೈ ಹಿಡದ ನಿಲ್ಲಿಸಿದ್ಲು. ಹೊತ್ತಿಗೆ ಸರಿಯಾಗಿ ಉಣ್ಣು. ಸೀರಿ ಮಾರಲಿಲ್ಲಂದ್ರೂ ಚಿಂತಿಲ್ಲ, ಹಬ್ಬಕ್ಕ ಬಾ. ಚೌಡೇಶ್ವರಿ ನಿನ್ನ ಚಲೋ ಇಡಲಿ."

ಬರೆದದ್ದನ್ನು ಓದಿ ತೋರಿಸಿದೆ. "ಎಲ್ಲಾ ಬರದೇನು, 'ನಾನಽ ನೆಲಕ್ಕ ಬಿಟ್ಟಿದ್ದೆ' ಅಂತ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಈಗ ನೀರಿಗೆ ಹೋಗಿದ್ದಾರೆ.

ಬೇಗ ಬನ್ನಿ. ನನ್ನ ಕೈಯ ಗೀರುಗಳು ಮಾಯುವುದಕ್ಕೆ ಮೊದಲು ಬಂದರೆ ತೋರಿಸಿ ಹೊಗಳಿಸಿಕೊಳ್ಳುತ್ತೇನೆ.

ಎಂದೆಂದಿಗೂ ನಿಮ್ಮವಳೇ ಆದ,
ದ್ರಾಕ್ಷಾಯಣಿ

ತಾ.ಕ.: ಅವರು ಬರುವುದರೊಳಗೆ ಇದನ್ನು ಬರೆದು ಮುಗಿಸಬೇಕು.

ಆ ಎಳೆ ಮಗ್ಗದ್ದಲ್ಲ. ನನ್ನದು. ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ ಕಸೂತಿ ಮರೆಯಬಾರದೆಂದು, ನಿಮಗೆ ಒಂದು ಕರವಸ್ತ್ರ ಹೊಲಿಯುತ್ತಿದ್ದೆ. ಅದರ ಮೂಲೆಯಲ್ಲಿ ನಿಮ್ಮ ಹೆಸರು, ಅತ್ತೆ ಕಂಡರೆ ಬೈದಾರೆಂದು ಚಾಪೆಯ ಕೆಳಗೆ ಬಚ್ಚಿಟ್ಟು ಹೊಲಿಯುತ್ತಿದ್ದೆ. ಮಂಗಳವಾರ ಸಂಜೆ ಅವರು ಕರೆದರೆಂದು ಸೂಜಿಯನ್ನೂ ಎಳೆಯನ್ನೂ ಹಾಗೆಯೇ ಬಿಟ್ಟು ಎದ್ದೆ. ಬುಧವಾರ ಕೆಂಪು ಎಳೆ ಕಂಡ ಮೇಲೆ ಗುಟ್ಟಾಗಿ ಹೋಗಿ ನೋಡಿದೆ. ಕರವಸ್ತ್ರವಿತ್ತು. ಎಳೆ ಇರಲಿಲ್ಲ. ಸೂಜಿಯೂ ಇರಲಿಲ್ಲ.

ನಿಮ್ಮ ತಾಯಿ ಬೆರಳಲ್ಲಿ ತಿಕ್ಕಿದಾಗಲೇ ತಿಳಿದುಕೊಂಡಿದ್ದಾರೆ. ಬಣ್ಣ ಒಂದೇ ಇದ್ದರೂ ನನ್ನದು ಹತ್ತಿ, ಅವರದು ರೇಷ್ಮೆ. ಶನಿವಾರ ಒಲೆಗೆ ಹಾಕಿದಾಗ ಕೂದಲು ಸುಟ್ಟ ವಾಸನೆ ಬರಲಿಲ್ಲ, ರೇಷ್ಮೆಯಾಗಿದ್ದರೆ ಬರಬೇಕಿತ್ತು.

ನಿನ್ನೆ ಅವರು ಚಂಚಿ ಬಿಚ್ಚಿ, ಅಡಿಕೆಯ ನಡುವೆ ಬಟ್ಟೆಯ ಚೂರಿಗೆ ಚುಚ್ಚಿಟ್ಟಿದ್ದ ನನ್ನ ಸೂಜಿ ತೆಗೆದು ಕೊಟ್ಟರು. ಬುಧವಾರ ಸಂಜೆ ನೆಲ ಗುಡಿಸುವಾಗಲೇ ಮೂಲೆಯಲ್ಲಿ ಸಿಕ್ಕಿತ್ತಂತೆ. ಡಾಕ್ಟರಿಗೆ "ಸೂಜಿ ಇಲ್ಲ" ಎಂದಾಗ ಅದು ಅವರ ಸೊಂಟದಲ್ಲೇ ಇತ್ತು. ಅದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಸೂಜಿ ಸಾವ್ಕಾರನ ಹೊಟ್ಟೆಯಲ್ಲೇ ಇದೆ ಎಂದುಕೊಂಡೇ, ಆ ಎಣ್ಣೆ ಅವನನ್ನು ಕೊಲ್ಲಬಹುದು ಎಂದು ಕಿವಿಯಾರೆ ಕೇಳಿಯೇ, ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ನನ್ನ ಕಾಲ್ಗುಣದ ಮಾತು ಬರಬಾರದೆಂದು, ಅಷ್ಟಕ್ಕೇ. ಮೂರು ದಿನ ಅವನು ಸಾಯುವುದನ್ನೇ ಕಾಯುತ್ತ ಕೂತಿದ್ದೆ, ಆಗಲೂ ಬಾಯಿ ಬಿಡಲಿಲ್ಲ.

ಚಾಪೆ ಎತ್ತಿದಾಗ ಅವರು ಕರವಸ್ತ್ರವನ್ನೂ ಕಂಡಿದ್ದಾರೆ, ಓದಲು ಬಾರದಿದ್ದರೂ ಅದು ಯಾರ ಹೆಸರೆಂದು ತಿಳಿದಿದ್ದಾರೆ. "ಅವನ ಹೆಸರ ಅರ್ಧಕ್ಕ ಬಿಟ್ಟಿ, ಮುಗಸು" ಎಂದು ಮಗ್ಗದ ಕೆಂಪು ರೇಷ್ಮೆಯ ಒಂದು ಎಳೆ ಕತ್ತರಿಸಿ ಕೊಟ್ಟರು. ಅವರೇ ಕತ್ತರಿಸಿದರು.

ಕರವಸ್ತ್ರ ಈ ಲಕೋಟೆಯಲ್ಲಿದೆ. ಕಣ್ಣಿಗೆ ಎಲ್ಲ ಒಂದೇ ಕೆಂಪು. ಬೆರಳಿನಿಂದ ಮುಟ್ಟಿ ನೋಡಿ. ನಿಮ್ಮ ಹೆಸರಿನಲ್ಲಿ ನನ್ನ ಎಳೆ ಎಲ್ಲಿ ಮುಗಿಯಿತು, ಅವರದು ಎಲ್ಲಿಂದ ಶುರುವಾಯಿತು ಎಂದು ನಿಮಗೆ ತಿಳಿಯುತ್ತದೆ. ನೀವು ಚೌಡವ್ವನ ಮಗ.

ದ್ರಾ.